ಸಾಕುನಾಯಿಯನ್ನು ಆಶ್ರಯಧಾಮಕ್ಕೆ ಬಿಡುವ ಮುನ್ನ: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾವು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮುಂದಿನ ತಿಂಗಳು ಮನೆ ಬದಲಿಸುತ್ತಿದ್ದು, ಹೊಸ ಮಾಲೀಕರು ನಾಯಿಗೆ ಒಪ್ಪುತ್ತಿಲ್ಲ. ನಮ್ಮ ನಾಲ್ಕು ವರ್ಷದ ಲ್ಯಾಬ್ರಡಾರ್ ಹೆಣ್ಣುನಾಯಿಯನ್ನು ಸೇರಿಸಿಕೊಳ್ಳಿ ಎಂದು ಕೇಳಿದರೆ ಪ್ರಾಣಿದಯಾ ಸಂಸ್ಥೆಗಳವರು ಜಾಗವಿಲ್ಲ ಎನ್ನುತ್ತಾರೆ. ದೇಣಿಗೆ ಪಡೆಯುವವರು ಹೀಗೆ ಹೇಳಬಹುದೇ?

ಉತ್ತರ: ಹೇಳಬಹುದು, ಎಷ್ಟೋ ಸಲ ಹೇಳಲೇಬೇಕಾಗುತ್ತದೆ. ನಾಯಿಗಳು ಕಿಕ್ಕಿರಿದಿರುವಲ್ಲಿ ಪಾರ್ವೋ ಅಥವಾ ಡಿಸ್ಟೆಂಪರ್‌ನಂಥ ಬೇಗ ಹರಡುವ ವೈರಸ್ ಕಾಯಿಲೆ ಹೊಕ್ಕರೆ ಲಸಿಕೆಯಾಗದ ಮರಿಗಳು ಬದುಕುವುದು ಕಷ್ಟ. ಮನೆಯಲ್ಲಿ ಬೆಳೆದ ನಾಯಿಗಳಂತೂ ಹಗಲಿರುಳಿನ ಬೊಗಳಾಟಕ್ಕೆ ಬೆದರಿ ಅನ್ನ ಬಿಟ್ಟು ಮೂಲೆ ಸೇರುತ್ತವೆ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಸಂಸ್ಥೆಯನ್ನು ಅದು ತುಂಬಿಸಿಕೊಂಡ ಗೂಡುಗಳಿಂದ ಅಳೆಯಬಾರದು. ಕಡಿಮೆ ಖರ್ಚಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಒದಗಿಸುವುದು, ಚಿಕಿತ್ಸೆಯ ವೆಚ್ಚ ಭರಿಸಲಾಗದವರಿಗೆ ನೆರವಾಗುವುದು, ಸ್ವಯಂಸೇವಕರ ಮನೆಗಳಲ್ಲಿ ತಾತ್ಕಾಲಿಕ ಆಸರೆ ಹುಡುಕುವುದು, ಹೀಗೆ ನಾಯಿ ತನ್ನ ಬಾಗಿಲಿಗೆ ಬಾರದಂತೆ ಮಾಡುವ ಕೆಲಸದಿಂದ ಅಳೆಯಬೇಕು. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳು ಮನೆಯವರು ಕೈಬಿಟ್ಟ ನಾಯಿಗಳನ್ನು ದತ್ತು ಕೊಡಿಸುವ ಕೆಲಸವನ್ನೂ ಮಾಡುತ್ತವೆ.

ನೀವು ಜಾಗ ಕೇಳುವ ಬದಲು ದತ್ತು ಕೊಡಿಸಲು ಸಹಾಯ ಕೇಳಿ. ನಾಯಿಯ ಫೋಟೊ, ಲಸಿಕೆಯ ಪುಸ್ತಕ, ಮಕ್ಕಳೊಂದಿಗೆ ಅದು ಹೇಗಿರುತ್ತದೆಂಬ ಪ್ರಾಮಾಣಿಕ ವಿವರ ಕೊಟ್ಟು, ಹೊಸ ಮನೆ ಸಿಗುವವರೆಗೆ ನೀವೇ ಇಟ್ಟುಕೊಳ್ಳುವುದಾಗಿ ಹೇಳಿದರೆ ಅವರಿಗೂ ಕೆಲಸ ಹಗುರವಾಗುತ್ತದೆ. ಬೀದಿಗೆ ಮಾತ್ರ ಬಿಡಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. (ಮೊದಲ ಸಲದ ದಂಡ 50 ರೂಪಾಯಿ ಮೀರದು, ಹೋಟೆಲಿನ ತಿಂಡಿ-ಕಾಫಿಗೂ ಸಾಲದ ಈ ಮೊತ್ತಕ್ಕೆ ಯಾರು ಹೆದರುತ್ತಾರೋ!)

ಇನ್ನೊಬ್ಬ ಪ್ರಶ್ನಕರ್ತರು: ಸಂತಾನಹರಣವಾದ ಬೀದಿನಾಯಿಗಳನ್ನು ಅದೇ ಬೀದಿಗೆ ಮರಳಿ ಬಿಡುವುದೇಕೆ?

ಉತ್ತರ: 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹಾಗೆಯೇ ಹೇಳುತ್ತವೆ. ಹಳೆಯ ನಾಯಿಗಳು ತೆರವು ಮಾಡಿದ ಜಾಗಕ್ಕೆ ಶಸ್ತ್ರಚಿಕಿತ್ಸೆಯಾಗದ ಹೊಸವು ಬಂದು ಸೇರುತ್ತವೆ. ಹಿಡಿದವನ್ನೆಲ್ಲ ಉಳಿಸಿಕೊಂಡರೆ ಮುಂದಿನ ನಾಯಿಯ ಶಸ್ತ್ರಚಿಕಿತ್ಸೆಗೆ ಗೂಡೇ ಇರುವುದಿಲ್ಲ. ಆದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಮರಳಿ ಬಿಡದೆ ಆಶ್ರಯಧಾಮದಲ್ಲೇ ಇಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದ್ದರಿಂದ, ಸ್ಥಳದ ಒತ್ತಡ ಇನ್ನಷ್ಟು ಹೆಚ್ಚುವುದು ಖಂಡಿತ.

ಮೊದಲ ಪ್ರಶ್ನಕರ್ತರು: ಧನ್ಯವಾದ ಡಾಕ್ಟರೇ. ನಮ್ಮ ನಾಯಿಗೆ ಇನ್ನೂ ಆಪರೇಷನ್ ಆಗಿಲ್ಲ. ಒಂದು ಸಲವಾದರೂ ಮರಿ ಹಾಕಿಸಬೇಕೆಂದು ಮನೆಯ ಹಿರಿಯರು ಹೇಳುತ್ತಾರೆ.

ಉತ್ತರ: ಆರೋಗ್ಯದ ದೃಷ್ಟಿಯಿಂದ ಅದರ ಅಗತ್ಯವೇ ಇಲ್ಲ. ನಾಯಿಯ ಗರ್ಭಾವಧಿ ಸುಮಾರು 63 ದಿನ. ಲ್ಯಾಬ್ರಡಾರ್ ಒಂದೇ ಸೂಲಿನಲ್ಲಿ ಏಳೆಂಟು ಮರಿ ಹಾಕುವುದು ಸಾಮಾನ್ಯ, ಒಂದಕ್ಕೇ ಮನೆ ಸಿಗದಿರುವಾಗ ಅಷ್ಟಕ್ಕೆ ಎಲ್ಲಿ ಹುಡುಕುತ್ತೀರಿ? ಶಸ್ತ್ರಚಿಕಿತ್ಸೆಯಾದರೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಭಯವೂ ಬಹುಮಟ್ಟಿಗೆ ತಪ್ಪುತ್ತದೆ. ದತ್ತು ಕೊಡುವ ಮೊದಲೇ ಮಾಡಿಸಿ, ಹೊಲಿಗೆ ಮಾಗಿದ ಮೇಲೆ ಕಳುಹಿಸಿ.