‘ಬಾಡಿಸು’ ಅಂದರೆ ಒಲೆಯ ಮೇಲೆ ಮಾತ್ರವಾ? ಕಿಮ್ಚಿ ಹಾಕುವಾಗ ಎದ್ದ ಎರಡು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಎರಡು ಪದ ಬೇಕಾಗಿವೆ. ಎರಡೂ ಅಡುಗೆಮನೆಯವು, ಎರಡರಲ್ಲೂ ಬೆಂಕಿ ಇಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ನಾನು ಸಾಗರದ ಕಡೆಯವಳು. ಮೂರು ವರ್ಷದಿಂದ ಕೊರಿಯಾದ ಸುವೊನ್‌ನಲ್ಲಿದ್ದೇನೆ. ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಅವರ ಹತ್ತಿರ ಕಿಮ್ಚಿ (ಎಲೆಕೋಸಿಗೆ ಉಪ್ಪು, ಖಾರ ಹಾಕಿ ಹದಕ್ಕೆ ಬರಲು ಇಡುವ ಇಲ್ಲಿನ ಉಪ್ಪಿನಕಾಯಿ) ಹಾಕುವುದನ್ನು ಕಲಿಯುತ್ತಿದ್ದೇನೆ. ಕಲಿಯುವುದು ಅಂದರೆ ಅವರು ಮಾಡುತ್ತಾರೆ, ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತೇನೆ, ಅಷ್ಟೇ. ಎಷ್ಟು ಉಪ್ಪು ಅಂತ ಕೇಳಿದರೆ ‘ಜೊಕ್‌ತಾಂಗಿ’ ಅನ್ನುತ್ತಾರೆ. ಹದವಾಗಿ, ಎಷ್ಟು ಬೇಕೋ ಅಷ್ಟು ಅಂತ. ಇದನ್ನು ಕೇಳುವುದಕ್ಕೆ ಇಷ್ಟು ದೂರ ಬರಬೇಕಿತ್ತಾ, ನಮ್ಮಮ್ಮನೂ ಇದನ್ನೇ ಹೇಳುತ್ತಿದ್ದಳು.

ಕಳೆದ ನವೆಂಬರಿನಲ್ಲಿ ಅಜ್ಜಿಯ ಮನೆಯಲ್ಲಿ ಕಿಮ್‌ಜಾಂಗ್ ಆಯಿತು. ಇಡೀ ಚಳಿಗಾಲಕ್ಕೆ ಸಾಲುವಷ್ಟು ಕಿಮ್ಚಿಯನ್ನು ಮನೆಯವರು, ನೆಂಟರು, ಅಕ್ಕಪಕ್ಕದವರು ಸೇರಿ ಒಟ್ಟಿಗೆ ಹಾಕುವ ಕೆಲಸ ಅದು. 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ನಮ್ಮಲ್ಲಿ ಹಪ್ಪಳ ಹಾಕುವ ದಿನ ಇರುತ್ತದಲ್ಲ, ಅದೇ ಗದ್ದಲ, ಬಿಸಿಲಿನ ಬದಲು ಚಳಿ. ಅವತ್ತು ನೋಡಿದ್ದನ್ನೆಲ್ಲ ಕನ್ನಡದಲ್ಲಿ ಬರೆದು ಮೈಸೂರಿನಲ್ಲಿರುವ ಅಕ್ಕನಿಗೆ ಕಳಿಸಿದೆ. ಮೊದಲ ಸಾಲು ಹೀಗಿತ್ತು: ‘ಎಲೆಕೋಸನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಉಪ್ಪು ಹಾಕಿ ಚೆನ್ನಾಗಿ ಬಾಡಿಸಬೇಕು.’

ಅಕ್ಕ ಬಾಣಲೆಗೆ ಎಣ್ಣೆ ಹಾಕಿ ಬಾಡಿಸಿದ್ದಾಳೆ! ರಾತ್ರಿ ಫೋನ್ ಮಾಡಿ, “ಪಲ್ಯ ಏನೋ ಚೆನ್ನಾಗೇ ಇದೆ ಕಣೇ, ಆದ್ರೆ ಇದನ್ನ ಡಬ್ಬಿಗೆ ತುಂಬಿ ಎರಡು ದಿನ ಹೊರಗಿಡು ಅಂತ ಬರ್ದಿದೀಯಲ್ಲ, ಹಳಸಲ್ವಾ?” ಅಂದಳು.

ತಪ್ಪು ಅವಳದ್ದಲ್ಲ. ‘ಈರುಳ್ಳಿ ಬಾಡಿಸಿ’ ಅಂತ ಓದಿ ಓದಿ ಆ ಪದ ಒಲೆಗೆ ಅಂಟಿಕೊಂಡುಬಿಟ್ಟಿದೆ. ಹೂವು ಬಾಡುತ್ತದೆ, ಮುಖ ಬಾಡುತ್ತದೆ, ಆದರೆ ‘ಬಾಡಿಸು’ ಅಂದ ಕೂಡಲೇ ಎಣ್ಣೆ ಬೇಕು.

ನಾನು ಹೇಳಲು ಹೊರಟಿದ್ದು ಬೇರೆ. ಅಜ್ಜಿ ಉದ್ದನೆಯ ಎಲೆಕೋಸಿನ ಒಂದೊಂದೇ ಎಲೆ ಎತ್ತಿ, ಬುಡದ ಬಿಳಿ ದಂಟಿನ ಮೇಲೆ ಹರಳುಪ್ಪು ಉದುರಿಸುತ್ತಾರೆ. ತುದಿಯ ತೆಳು ಎಲೆಗೆ ಹೆಚ್ಚುಕಮ್ಮಿ ಏನೂ ಇಲ್ಲ. ಆಮೇಲೆ ರಾತ್ರಿಯಿಡೀ ಉಪ್ಪುನೀರಿನಲ್ಲಿ ಬಿಟ್ಟು, ನಡುವೆ ಒಮ್ಮೆ ಎದ್ದು ಮಗುಚುತ್ತಾರೆ. ಬೆಳಿಗ್ಗೆ ಒಂದು ದಪ್ಪ ದಂಟನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿದರು. ಲಟಕ್ ಅಂತ ಮುರಿದರೆ ಇನ್ನೂ ಆಗಿಲ್ಲ ಅಂತ ಅರ್ಥ. ಮುರಿಯಲಿಲ್ಲ, ಬಳುಕಿತು. ಅಲ್ಲಿಗೆ ತೊಳೆದು ನೀರು ಬಸಿಯಲು ಬುಟ್ಟಿಗೆ ಹಾಕಿದರು.

ಈ ಕೆಲಸಕ್ಕೆ ಕೊರಿಯನ್ನರಲ್ಲಿ ‘ಜೊರಿದ’ ಅಂತ ಪದವೇ ಇದೆ. ತರಕಾರಿ ಬಿಗಿ ಕಳೆದುಕೊಂಡಾಗ ‘ಸುಮಿ ಜುಕ್ತ’ ಅಂತಲೂ ಅನ್ನುತ್ತಾರೆ, ಉಸಿರು ಸತ್ತಿತು ಅಂತ. (‘ಸುಮ್’ ಅಂದರೆ ಉಸಿರು. ದಯವಿಟ್ಟು ನಮ್ಮ ‘ಸುಮ್ಮನೆ’ಗೂ ಇದಕ್ಕೂ ನಂಟು ಹುಡುಕಲು ಯಾರೂ ಹೊರಡಬೇಡಿ.)

ನಮ್ಮಲ್ಲಿ ಏನಿದೆ ಅಂತ ಯೋಚಿಸಿದೆ. ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಿದಾಗ ನಮ್ಮ ಕಡೆ ‘ಮಿಡಿ ಚಿರುಟಿದೆಯಾ ನೋಡು’ ಅನ್ನುತ್ತೇವೆ. ಆದರೆ ಮಿಡಿ ಚಿರುಟಿದರೆ ಸುಕ್ಕು ಬೀಳುತ್ತದೆ, ಎಲೆಕೋಸಿನಲ್ಲಿ ಸುಕ್ಕಿಲ್ಲ, ಸಡಿಲ ಇದೆ. ‘ನೆನೆಹಾಕು’ ಅಂದರೆ ಒಣಗಿದ್ದು ನೀರು ಕುಡಿಯಬೇಕು, ಇಲ್ಲಿ ತರಕಾರಿಯೇ ನೀರು ಬಿಡುತ್ತದೆ. ‘ಉಪ್ಪು ಹಿಡಿಸು’ ಪರವಾಗಿಲ್ಲ, ಆದರೆ ಅದರಲ್ಲಿ ರುಚಿ ಬಂತೇ ಹೊರತು ಬಳುಕು ಬರಲಿಲ್ಲ. ಸದ್ಯಕ್ಕೆ ಅಕ್ಕನಿಗೆ ‘ಉಪ್ಪಿನಲ್ಲಿ ಬಾಡಿಸು, ಒಲೆ ಹಚ್ಚಬೇಡ’ ಅಂತ ಬರೆದಿದ್ದೇನೆ. ಇದು ಪದವಲ್ಲ, ಎಚ್ಚರಿಕೆ ಫಲಕ.

ಎರಡನೆಯದು ಇನ್ನೂ ಕಷ್ಟ: ‘ಇಕ್ತ’. ಮಾಂಸ ಬೆಂದರೆ ಇಕ್ತ, ಮರದಲ್ಲಿ ಹಣ್ಣು ಮಾಗಿದರೆ ಇಕ್ತ, ಡಬ್ಬಿಯಲ್ಲಿ ಕಿಮ್ಚಿ ತಿನ್ನುವ ಹದಕ್ಕೆ ಬಂದರೂ ಇಕ್ತ. ಕೆಲಸಕ್ಕೆ ಕೈ ಪಳಗಿದರೂ ಅದೇ ಪದ. ನನ್ನ ಕೈ ಇನ್ನೂ ಪಳಗಿಲ್ಲ ಬಿಡಿ. ಮೊದಲ ಸಲ ನಾನೇ ಹಾಕಿದ ಕಿಮ್ಚಿ ನಾಲ್ಕನೇ ದಿನ ಹಸಿಯೂ ಅಲ್ಲ, ಹುಳಿಯೂ ಅಲ್ಲ, ಏನೋ ಒಂಥರಾ ಪೆಚ್ಚುಪೆಚ್ಚಾಗಿತ್ತು. ಅಜ್ಜಿ ಒಂದು ಎಲೆ ಬಾಯಿಗೆ ಹಾಕಿಕೊಂಡು ‘ಕಿಮ್ಚಿಗೆ ಹುಚ್ಚು ಹಿಡಿದಿದೆ’ ಅಂದರು. ಬೈದರೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಹಸಿತನ ಹೋಗಿ ಇನ್ನೂ ಹದಕ್ಕೆ ಬಾರದ ಆ ನಡುವಿನ ದಿನಗಳಿಗೆ ಇಲ್ಲಿ ಹಾಗೇ ಹೇಳುತ್ತಾರೆ. ಎಂಥ ಒಳ್ಳೆಯ ಮಾತು ಅಲ್ವಾ. ತಣ್ಣಗೆ ಇಟ್ಟು ಒಂದು ವಾರ ಬಿಟ್ಟೆ, ಹುಚ್ಚು ಇಳಿಯಿತು.

ಈಗ ಇದಕ್ಕೆ ಕನ್ನಡದಲ್ಲಿ ಏನು? ಪತ್ರಿಕೆಗಳ ‘ಹುದುಗಿಸಿದ ಆಹಾರ’ ನನಗೆ ಹಿಡಿಸುವುದಿಲ್ಲ. ಹುದುಗು ಅಂದರೆ ನನ್ನ ಕಿವಿಗೆ ಮೊದಲು ಕೇಳುವುದು ಅಡಗು ಅನ್ನುವ ಅರ್ಥ, ಆಮೇಲೆ ಉಬ್ಬಿದ ದೋಸೆ ಹಿಟ್ಟು. ಕಿಮ್ಚಿ ಉಬ್ಬುವುದಿಲ್ಲ. ‘ಹುಳಿ ಬಂತು’ ಅನ್ನೋಣ ಅಂದರೆ ಅದು ಇನ್ನೂ ಮುಂದಿನ ಹಂತ, ತೀರಾ ಹುಳಿಯಾದ ಕಿಮ್ಚಿಗೆ ಇಲ್ಲಿ ಬೇರೆ ಹೆಸರೇ ಇದೆ, ಅದನ್ನು ಸಾರಿಗೆ ಹಾಕುತ್ತಾರೆ. ಸಂಸ್ಕೃತದ ‘ಪಕ್ವ’ದಲ್ಲಿ ಬೆಂದದ್ದೂ ಇದೆ, ಮಾಗಿದ್ದೂ ಇದೆ, ಇಕ್ತಕ್ಕೆ ಸರಿಜೋಡಿ. ಆದರೆ ಅಕ್ಕನಿಗೆ ಫೋನಿನಲ್ಲಿ ‘ಕಿಮ್ಚಿ ಪಕ್ವವಾಯಿತಾ’ ಅಂತ ಕೇಳುವ ಧೈರ್ಯ ನನಗಿಲ್ಲ.

ನನ್ನ ಮತ ‘ಕಳಿ’ಗೆ. ಅಕ್ಕನ ಅತ್ತೆ ನಿಂಬೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದು ನೋಡಿ ‘ಇನ್ನೂ ಕಳಿತಿಲ್ಲ, ಮುಟ್ಟಬೇಡಿ’ ಅನ್ನುತ್ತಿದ್ದದ್ದು ನೆನಪಿದೆ. ಉಪ್ಪು, ಹುಳಿ, ಕಾಲ ಮೂರೂ ಅದರಲ್ಲಿವೆ, ಬೆಂಕಿ ಇಲ್ಲ. ಒಂದೇ ಅಳುಕು. ಕಳಿತ ಬಾಳೆಹಣ್ಣು ಅಂದರೆ ಮೆತ್ತಗೆ, ಕೈಯಲ್ಲಿ ಹಿಡಿದರೆ ಜಾರುವಂಥದ್ದು. ಕಿಮ್ಚಿ ಹದಕ್ಕೆ ಬಂದ ಮೇಲೂ ಕುರುಂ ಅನ್ನಬೇಕು.

ಹಾಗಾಗಿ ಕೇಳುತ್ತಿದ್ದೇನೆ. ಕರಾವಳಿಯವರೇ, ನೀರುಮಾವಿನಕಾಯಿ, ಉಪ್ಪುಸೊಳೆ ಹದಕ್ಕೆ ಬಂದಾಗ ನಿಮ್ಮ ಮನೆಯಲ್ಲಿ ಏನಂತ ಹೇಳುತ್ತಾರೆ? ಉತ್ತರ ಕರ್ನಾಟಕದ ಕಡೆ ‘ಕಳಿ’ ಉಪ್ಪಿನಕಾಯಿಗೂ ಬಳಕೆಯಲ್ಲಿದೆಯಾ, ಹಣ್ಣಿಗೆ ಮಾತ್ರವಾ? ಗಟ್ಟಿಯಾಗಿಯೇ ಇದ್ದು ‘ಕಳಿತ’ ಪದಾರ್ಥ ಯಾವುದಾದರೂ ಇದೆಯಾ? ನಿಘಂಟಿನ ಅರ್ಥ ನಾನೇ ನೋಡಿಕೊಳ್ಳುತ್ತೇನೆ, ನಿಮ್ಮ ಅಜ್ಜಿ, ಅತ್ತೆ ಆಡುತ್ತಿದ್ದ ವಾಕ್ಯವನ್ನೇ ಬರೆದರೆ ಉಪಕಾರ.

ಅಕ್ಕ ಬರುವ ಭಾನುವಾರ ಮತ್ತೆ ಮಾಡುತ್ತಾಳಂತೆ. ಬೆಳ್ಳುಳ್ಳಿ, ಮೀನಿನ ರಸ ಬೇಡ ಅಂದಳು. ಇಲ್ಲಿನ ಬೌದ್ಧ ದೇವಾಲಯಗಳಲ್ಲಿ ಹಾಗೇ ಹಾಕುತ್ತಾರೆ, ಅದನ್ನೇ ಬರೆದು ಕಳಿಸುತ್ತಿದ್ದೇನೆ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಸಾಕು, ಬಣ್ಣವೂ ಬರುತ್ತದೆ. ಮೊದಲ ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ.