ಜಾಗ ಎನ್‌ಎ (ಕೃಷಿಯೇತರ) ಆಗಿದೆ, ಆದರೂ ರೊಟ್ಟಿ ಘಟಕಕ್ಕೆ ಲೈಸೆನ್ಸ್ ಕೊಡುತ್ತಿಲ್ಲ. ಏನು ಮಾಡಬೇಕು?

ರೊಟ್ಟಿ_ಬುಟ್ಟಿ:
ಎಲ್ಲರಿಗೂ ಶರಣು. ಕಲಬುರಗಿಯ ಆಳಂದ ರಸ್ತೆ ಕಡೆ ನಮ್ಮದೊಂದು 30×40 ಸೈಟಿನ ಮನೆ. ಕೆಳಗಿನ ಕೋಣೆಗಳಲ್ಲಿ ನಾನು, ನಮ್ಮ ತಂಗಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇವೆ. ಕೈಯಲ್ಲಿ ಬಡಿಯುವಾಗ ಯಾರೂ ಏನೂ ಕೇಳಲಿಲ್ಲ. ಈಗ ಹಿಟ್ಟು ನಾದುವ, ರೊಟ್ಟಿ ಒತ್ತುವ ಮಷೀನು ತಂದಿದ್ದೇವೆ. ಟ್ರೇಡ್ ಲೈಸೆನ್ಸ್ ಕೇಳಿದರೆ "ಇದು ವಸತಿ ವಲಯ, ಭೂ ಬಳಕೆ ಬದಲಾವಣೆ ಮಾಡಿಸಿಕೊಂಡು ಬನ್ನಿ" ಅಂದರು. ಲೇಔಟ್ ಎನ್‌ಎ ಆಗಿದೆ, ಆದೇಶದ ನಕಲೂ ಇದೆ. ಮತ್ತೆ ಯಾವ ಬದಲಾವಣೆ?

ಗಂಜ್_ಹುಡುಗ:
ಅಕ್ರಮ-ಸಕ್ರಮದಲ್ಲಿ ಹಾಕಿ ಬಿಡಿ ಅಕ್ಕಾ. ದಂಡ ಕಟ್ಟಿದರೆ ಮುಗೀತು.

ನಕ್ಷೆ_ನೋಡ್ರಿ:
ಗಂಜ್ ತಮ್ಮಾ, ಆ ಯೋಜನೆ 2013ರ ಅಕ್ಟೋಬರ್ 19ಕ್ಕಿಂತ ಮೊದಲಿನ ಕಟ್ಟಡಗಳಿಗೆ ಮಾತ್ರ. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಕ್ಕನಿಗೆ ಸುಮ್ನೆ ಆಸೆ ಹಚ್ಚಬೇಡ.

ಅಕ್ಕೋರೆ, ನಿಮ್ಮ ಗೊಂದಲ ನಮ್ಮ ಕಡೆ ಮುಕ್ಕಾಲು ಮಂದಿಗೆ ಇದೆ. ಎನ್‌ಎ ಬೇರೆ, ವಲಯ ಬೇರೆ. ಎನ್‌ಎ ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಮಾಡುವುದು. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ, ಜಿಲ್ಲಾಧಿಕಾರಿ ಆದೇಶ. ವಲಯ ಬರುವುದು ಮಾಸ್ಟರ್ ಪ್ಲಾನ್‌ನಿಂದ, ಅಂದರೆ ಊರಿನ ಯಾವ ಭಾಗ ಯಾವ ಬಳಕೆಗೆ ಅಂತ ಗುರುತಿಸುವ ಯೋಜನೆಯಿಂದ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ನೋಡಿಕೊಳ್ಳುವುದು ನಗರಾಭಿವೃದ್ಧಿ ಪ್ರಾಧಿಕಾರ. ನಿಮ್ಮ ಎನ್‌ಎ ಆದೇಶ ತೆಗೆದು ಓದಿ. ಯಾವ ಉದ್ದೇಶಕ್ಕೆ ಅಂತ ಅದರಲ್ಲೇ ಬರೆದಿರುತ್ತದೆ. ಮನೆ ಲೇಔಟ್ ಅಂದಮೇಲೆ 'ವಾಸ' ಅಂತಲೇ ಇರುತ್ತದೆ.

ಆದರೂ ಬದಲಾವಣೆಗೆ ಈಗಲೇ ಓಡಬೇಡಿ. ಅದು ಇದೇ ಯೋಜನಾ ಕಾಯ್ದೆಯ 14-ಎ ಕಲಂ. ಪ್ರಾಧಿಕಾರ ಒಪ್ಪಿದರೆ ಸಾಲದು, ಮೊದಲೇ ಸರ್ಕಾರದ ಮಂಜೂರಾತಿ ಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ಒಂದು 30×40 ಸೈಟಿಗೆ ಆ ಮಾತು ನಿಲ್ಲಿಸುವುದು ಕಷ್ಟ. ಮೇಲೆ 18ನೇ ಕಲಂ ಪ್ರಕಾರ ಶುಲ್ಕ ಬೇರೆ. ರೊಟ್ಟಿ ಮಾರಿ ಯಾವಾಗ ಗಿಟ್ಟಬೇಕು?

ಮೊದಲು ಮಾಸ್ಟರ್ ಪ್ಲಾನ್ ಜೊತೆಗಿನ ವಲಯ ನಿಯಮಾವಳಿ ನೋಡಿ. ವಸತಿ ವಲಯದ ಕೆಳಗೆ ಎರಡು ಪಟ್ಟಿ ಇರುತ್ತವೆ. ಒಂದು, ನೇರವಾಗಿ ಬಿಡುವ ಬಳಕೆಗಳು. ಇನ್ನೊಂದು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಬಿಡಬಹುದಾದ ಬಳಕೆಗಳು. ಜನ ಈ ಎರಡನೆಯದನ್ನು ನೋಡುವುದೇ ಇಲ್ಲ. ಹಿಟ್ಟಿನ ಗಿರಣಿಯಂಥ ಸಣ್ಣ ಕೆಲಸಗಳನ್ನು ಮೋಟಾರಿನ ಎಚ್‌ಪಿ, ರಸ್ತೆಯ ಅಗಲ ಇಂಥ ಷರತ್ತು ಹಾಕಿ ಬಿಡುವುದುಂಟು. ನಿಮ್ಮದು ಅಲ್ಲಿ ಕೂತರೆ ವಲಯ ಬದಲಿಸುವ ಮಾತೇ ಇಲ್ಲ. ಪ್ರಾಧಿಕಾರದ ಅನುಮತಿ ತಗೊಂಡು ಲೈಸೆನ್ಸ್ ಅರ್ಜಿಗೆ ಹಚ್ಚಿದರಾಯಿತು. ಸರ್ವೆ ನಂಬರ್ ಹಾಕಿ ವಲಯದ ದೃಢೀಕರಣವನ್ನೂ ಬರಹದಲ್ಲಿ ತಗೊಳ್ಳಿ. ಬಾಯಿಮಾತು ನಾಳೆ ಉಳಿಯುವುದಿಲ್ಲ.

ರೊಟ್ಟಿ_ಬುಟ್ಟಿ:
ಇಷ್ಟು ಯಾರೂ ಹೇಳಿರಲಿಲ್ಲ ಅಣ್ಣಾ. ಎರಡು ಮಷೀನು ಇವೆ. ಎಚ್‌ಪಿ ಒಂದೊಂದಕ್ಕೂ ಬೇರೆ ಹಿಡಿಯುತ್ತಾರಾ? ಮತ್ತೆ ಪಕ್ಕದ ಮನೆಯವರು ಸದ್ದು ಅಂತ ಗೊಣಗುತ್ತಾರೆ.

ನಕ್ಷೆ_ನೋಡ್ರಿ:
ಎರಡನ್ನೂ ಕೂಡಿಸಿಯೇ ಬರೆಯಿರಿ. ಮೋಟಾರಿನ ತಗಡಿನ ಮೇಲಿರುವ ಅಂಕಿಯನ್ನೇ ಹಾಕಿ. ಜೆಸ್ಕಾಂ ಮೀಟರಿನ ಲೋಡ್ ಒಂದು, ಅರ್ಜಿಯಲ್ಲಿ ಇನ್ನೊಂದು ಆದರೆ ಅಲ್ಲೇ ಕೊಕ್ಕೆ ಬೀಳುತ್ತದೆ. ಪಕ್ಕದವರ ಹತ್ತಿರ ಮೊದಲೇ ಮಾತಾಡಿ. ಮಷೀನಿನ ಕೆಳಗೆ ದಪ್ಪ ರಬ್ಬರ್ ಹಾಕಿ, ಬೆಳಗಿನ ಜಾವ ಓಡಿಸಬೇಡಿ. ದೂರು ಹೋದರೆ ಕೊಟ್ಟ ಅನುಮತಿಗೂ ಕುತ್ತು.

ಸೇಡಂ_ಫರ್ಸಿ:
ಮುಂದೆ ದೊಡ್ಡದು ಮಾಡುವ ವಿಚಾರ ಇದ್ದರೆ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ ನೋಡಿ. ವಲಯದ ತಕರಾರೇ ಇರುವುದಿಲ್ಲ.

ರೊಟ್ಟಿ_ಬುಟ್ಟಿ:
ಬಾಡಿಗೆ ಕಟ್ಟುವಷ್ಟು ರೊಟ್ಟಿ ಇನ್ನೂ ಹೋಗುತ್ತಿಲ್ಲ ಸರ್. ಸೋಮವಾರ ನಿಯಮಾವಳಿ ಕೇಳಲು ಪ್ರಾಧಿಕಾರಕ್ಕೆ ಹೋಗುತ್ತೇನೆ. ಎರಡನೇ ಪಟ್ಟಿಯ ಫೋಟೋ ಸಿಕ್ಕರೆ ಇಲ್ಲೇ ಹಾಕುತ್ತೇನೆ.