ಜೀನ್ ಸರಿಯಿದೆ, ಪ್ರೊಟೀನ್ ಇಲ್ಲ: ಎಂಎಲ್‌ಎಚ್1 ಹೀಗೇಕೆ?

ಪೆಥಾಲಜಿ_ಪಿಜಿ:
ದೊಡ್ಡಕರುಳಿನ ಗಡ್ಡೆ, ರೋಗಿಗೆ 72 ವರ್ಷ. ಐಎಚ್‌ಸಿಯಲ್ಲಿ (ಪ್ರೊಟೀನ್ ಇದ್ದಲ್ಲಿ ಕಂದು ಬಣ್ಣ ಬರುವ ಪರೀಕ್ಷೆ) ಡಿಎನ್‌ಎ ನಕಲಿನ ತಪ್ಪು ತಿದ್ದುವ ನಾಲ್ಕು ಪ್ರೊಟೀನ್‌ಗಳಲ್ಲಿ ಎಂಎಲ್‌ಎಚ್1, ಪಿಎಂಎಸ್2 ಎರಡೂ ಇಲ್ಲ. ಎಂಎಸ್‌ಎಚ್2, ಎಂಎಸ್‌ಎಚ್6 ಚೆನ್ನಾಗಿ ಬಂದಿವೆ. ರಕ್ತದಲ್ಲಿ ಎಂಎಲ್‌ಎಚ್1 ಸೀಕ್ವೆನ್ಸಿಂಗ್ ಮಾಡಿದರೆ ಒಂದಕ್ಷರವೂ ಬದಲಾಗಿಲ್ಲ. ಮತ್ತೆ ಪ್ರೊಟೀನ್ ಎಲ್ಲಿ ಹೋಯಿತು? ಎರಡೂ ಒಟ್ಟಿಗೇ ಹೋಗಿದ್ದೇಕೆ?

ಜೀನ್‌ಬೆಂಚ್:
ಜೀನ್ ಇದ್ದಲ್ಲೇ ಇದೆ, ಗಡ್ಡೆಯ ಕೋಶ ಅದನ್ನು ಓದುವುದನ್ನು ಬಿಟ್ಟಿದೆ. ಈ ವಯಸ್ಸಿನಲ್ಲಿ ಸಾಮಾನ್ಯ ಕಾರಣ ಪ್ರೊಮೋಟರ್ (ಜೀನ್ ಓದು ಶುರುವಾಗುವ ಜಾಗ) ಮೆತಿಲೇಶನ್. ಅಲ್ಲಿನ ಸಿ ಅಕ್ಷರಗಳಿಗೆ ಮೆತಿಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡು ಕ್ರೊಮಾಟಿನ್ (ಡಿಎನ್‌ಎ ಸುತ್ತಿಕೊಂಡಿರುವ ಕಟ್ಟು) ಬಿಗಿಯಾಗುತ್ತದೆ, ಜೀನ್ ಓದುವ ಆರ್‌ಎನ್‌ಎ ಪಾಲಿಮರೇಸ್ ಕೂರಲು ಜಾಗವೇ ಸಿಗುವುದಿಲ್ಲ. ಪಿಎಂಎಸ್2ಗೆ ಎಂಎಲ್‌ಎಚ್1 ಜೊತೆಗಾರ. ಜೊತೆ ಇಲ್ಲದಿದ್ದರೆ ಅದು ಉಳಿಯದೆ ಒಡೆದುಹೋಗುತ್ತದೆ.

ಇಷ್ಟರಿಂದಲೇ ಕೋಶ ಬೆಳೆಯತೊಡಗುವುದಿಲ್ಲ. ತಪ್ಪು ತಿದ್ದುವವರು ಇಲ್ಲವಾಗುತ್ತಾರೆ, ಅಷ್ಟೆ. ಟಿಜಿಎಫ್‌ಬಿಆರ್2 ಜೀನ್‌ನಲ್ಲಿ ಸಾಲಾಗಿ ಹತ್ತು ಎ ಇವೆ. ನಕಲು ಮಾಡುವಾಗ ಅಲ್ಲಿ ಒಂದು ಎ ಜಾರಿಹೋದರೆ ಮುಂದಿನ ಓದೆಲ್ಲ ಅಡ್ಡಾದಿಡ್ಡಿ, ರಿಸೆಪ್ಟರ್ ಅರ್ಧಕ್ಕೇ ನಿಲ್ಲುತ್ತದೆ. ‘ಬೆಳೆಯಬೇಡ’ ಎನ್ನುವ ಟಿಜಿಎಫ್-ಬೀಟಾ ಸಂದೇಶ ಆ ಕೋಶಕ್ಕೆ ಮುಟ್ಟುವುದೇ ಇಲ್ಲ.

ಸ್ಲೈಡ್_ನೋಡಿ:
ಅದಕ್ಕೂ ಮೊದಲು ಸ್ಲೈಡನ್ನೇ ಇನ್ನೊಮ್ಮೆ ನೋಡಿ. ಗಡ್ಡೆಯ ಪಕ್ಕದ ಲಿಂಫೊಸೈಟ್ (ಬಿಳಿ ರಕ್ತಕಣ), ಸ್ಟ್ರೋಮಾ (ಆಧಾರ ಅಂಗಾಂಶ) ನ್ಯೂಕ್ಲಿಯಸ್‌ಗಳು ಕಂದಾಗಿರಬೇಕು. ಅವೂ ಖಾಲಿ ಇದ್ದರೆ ‘ಲಾಸ್’ ಎಂದು ಬರೆಯಲೇಬೇಡಿ, ಸ್ಟೈನ್ ಕೈಕೊಟ್ಟಿದೆ ಎಂದರ್ಥ. ಕರುಳನ್ನು ಸೀಳದೆ ಹಾಗೇ ಮುಳುಗಿಸಿದರೆ ಅಂಗಾಂಶವನ್ನು ಕೆಡದಂತೆ ಫಿಕ್ಸ್ ಮಾಡುವ ಫಾರ್ಮಲಿನ್ ಒಳಗೆ ಇಳಿಯದು. 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, 6ರಿಂದ 72 ಗಂಟೆ. ಅನುಮಾನವಿದ್ದರೆ ಬಯಾಪ್ಸಿ ಬ್ಲಾಕ್‌ನಲ್ಲಿ ಮತ್ತೆ ಮಾಡಿ. ಚಿಕ್ಕ ತುಂಡು ಚೆನ್ನಾಗಿ ಫಿಕ್ಸ್ ಆಗಿರುತ್ತದೆ.

ಬೈಸಲ್ಫೈಟ್:
ಸ್ಲೈಡ್ ಸರಿಯಿದ್ದರೆ ಗಡ್ಡೆಯಲ್ಲಿ ಬ್ರಾಫ್ ವಿ600ಇ (ಬ್ರಾಫ್ ಜೀನ್‌ನ ಒಂದು ನಿರ್ದಿಷ್ಟ ಬದಲಾವಣೆ) ನೋಡಿ. ಸಿಕ್ಕರೆ ಲಿಂಚ್ ಸಿಂಡ್ರೋಮ್ (ಈ ತಿದ್ದುವ ಜೀನ್‌ಗಳ ದೋಷ ವಂಶದಲ್ಲೇ ಬರುವ ಕ್ಯಾನ್ಸರ್ ತೊಂದರೆ) ಸಾಧ್ಯತೆ ತೀರಾ ಕಡಿಮೆ. ಸಿಗದಿದ್ದರೆ ಲಿಂಚ್ ಎಂದು ತೀರ್ಮಾನಿಸಬೇಡಿ, ಮೆತಿಲೇಶನ್ ಪರೀಕ್ಷೆ ಮಾಡಿಸಿ.

ಇಲ್ಲಿ ಎಡವುವುದು ಡಿಎನ್‌ಎಯನ್ನು ಬೈಸಲ್ಫೈಟ್ ರಾಸಾಯನಿಕದಿಂದ ಪರಿವರ್ತಿಸುವ ಹಂತದಲ್ಲಿ. ಮೆತಿಲ್ ಇಲ್ಲದ ಸಿ ಯುರಾಸಿಲ್ ಆಗಿ ಪಿಸಿಆರ್‌ನಲ್ಲಿ ಟಿ ಎಂದು ಬರುತ್ತದೆ, ಮೆತಿಲ್ ಇರುವ ಸಿ ಹಾಗೇ ಉಳಿಯುತ್ತದೆ. ಪರಿವರ್ತನೆ ಅರೆಬರೆಯಾದರೆ ಬರಿಯ ಸಿ ಕೂಡ ಉಳಿದು, ಇಲ್ಲದ ಮೆತಿಲೇಶನ್ ಕಾಣಿಸುತ್ತದೆ. ಪೂರ್ತಿ ಮೆತಿಲ್ ಆದದ್ದು, ಆಗದೇ ಇರುವುದು, ಎರಡೂ ಕಂಟ್ರೋಲ್ ಪ್ರತಿ ರನ್‌ನಲ್ಲೂ ಇರಲಿ. ಗಡ್ಡೆಯ ಭಾಗವನ್ನು ಸ್ಲೈಡ್ ಮೇಲೆ ಗುರುತಿಸಿ ಅಷ್ಟನ್ನೇ ಕೆರೆದು ತೆಗೆಯಿರಿ. ಸುತ್ತಲಿನ ಮಾಮೂಲಿ ಕೋಶ ಹೆಚ್ಚು ಬೆರೆತರೆ ಸಿಗ್ನಲ್ ತೆಳುವಾಗುತ್ತದೆ.

ಪೆಥಾಲಜಿ_ಪಿಜಿ:
ಲಿಂಫೊಸೈಟ್ ಕಂದಾಗಿವೆ. ಬ್ರಾಫ್‌ಗೆ ಕಳಿಸುತ್ತೇನೆ. ಮೆತಿಲೇಶನ್ನೂ ಇಲ್ಲ ಎಂದು ಬಂದರೆ?

ಜೀನ್‌ಬೆಂಚ್:
ಆಗ ರಕ್ತದ ಮಾದರಿಗೆ ಎಂಎಲ್‌ಪಿಎ (ಜೀನ್‌ನ ಭಾಗಗಳ ಪ್ರತಿಗಳನ್ನು ಎಣಿಸುವ ಪರೀಕ್ಷೆ) ಆಗಿದೆಯೇ ಕೇಳಿ, ಜೀನ್‌ನ ದೊಡ್ಡ ತುಂಡೇ ಕಳಚಿದ್ದರೆ ಮಾಮೂಲಿ ಸೀಕ್ವೆನ್ಸಿಂಗ್‌ಗೆ ತಪ್ಪಿಹೋಗಬಹುದು. ಅದೂ ಸರಿಯಿದ್ದರೆ ಗಡ್ಡೆಯ ಡಿಎನ್‌ಎ ಓದಿಸಿ, ಜೀನ್‌ನ ಎರಡೂ ಪ್ರತಿಗಳು ಗಡ್ಡೆಯಲ್ಲೇ ಕೆಟ್ಟಿರಬಹುದು.